ಎರಡು ಸ್ಕ್ಯಾನಿಗೆ ಎರಡು ದಕ್ಷತೆ ಬಂದರೆ

ಪೆರೋವ್‌ಸ್ಕೈಟ್ ಸೌರಕೋಶವನ್ನು ಮೇಲಿನ ವೋಲ್ಟೇಜಿನಿಂದ ಕೆಳಗೆ ಸ್ಕ್ಯಾನ್ ಮಾಡಿದಾಗ (ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆದಾಗ) ದಕ್ಷತೆ 19%, ಕೆಳಗಿನಿಂದ ಮೇಲಕ್ಕೆ ಮಾಡಿದಾಗ 15% ಬರುತ್ತಿದೆ, ಸೋಲಾರ್ ಸಿಮ್ಯುಲೇಟರ್ (ಬಿಸಿಲನ್ನು ಅನುಕರಿಸುವ ದೀಪ) ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಅದರ ತಪ್ಪಿರಲಾರದು, ಇದು ಹಿಸ್ಟರಿಸಿಸ್, ಅಂದರೆ ಸ್ಕ್ಯಾನಿನ ದಿಕ್ಕು ಬದಲಾದರೆ ಅಳತೆಯೂ ಬದಲಾಗುವುದು. ಪದರದೊಳಗಿನ ಅಯಾನುಗಳು ವೋಲ್ಟೇಜ್ ಬದಲಾದಂತೆ ನಿಧಾನಕ್ಕೆ ಜಾಗ ಬದಲಿಸುತ್ತವೆ. ಅವು ಒಂದು ನೆಲೆಗೆ ಬರುವ ಮೊದಲೇ ನೀವು ಅಳೆದು ಮುಗಿಸಿರುತ್ತೀರಿ. ಸ್ಕ್ಯಾನ್ ವೇಗ ಬದಲಿಸಿ ನೋಡಿ, ಈ ಅಂತರವೂ ಬದಲಾಗುತ್ತದೆ.

ವರದಿಯಲ್ಲಿ 19 ಅಂತ ಮಾತ್ರ ಬರೆಯಬೇಡಿ. ಸರಾಸರಿ ತೆಗೆದು 17 ಅನ್ನುವುದೂ ಸರಿಯಲ್ಲ (ನಾನೂ ಒಮ್ಮೆ ಹಾಗೇ ಮಾಡಿ ಬೈಸಿಕೊಂಡಿದ್ದೇನೆ). ಬೆಳಕಿನಡಿ ಕೋಶವನ್ನು ಗರಿಷ್ಠ ಶಕ್ತಿ ಬಿಂದುವಿನಲ್ಲೇ (ಅತಿ ಹೆಚ್ಚು ವಿದ್ಯುತ್ ಶಕ್ತಿ ಸಿಗುವ ವೋಲ್ಟೇಜಿನಲ್ಲಿ) ಹಿಡಿದು ಕೆಲವು ನಿಮಿಷ ಟ್ರ್ಯಾಕ್ ಮಾಡಿ. ಗೆರೆ ಸಮತಟ್ಟಾದಾಗ ಸಿಗುವ ಅಂಕಿಯೇ ನಂಬಬಹುದಾದದ್ದು. ಎರಡೂ ಸ್ಕ್ಯಾನಿನ ವಕ್ರರೇಖೆಗಳನ್ನು ಅದರ ಜೊತೆಗೇ ಕೊಡಿ.

ಸಿಮ್ಯುಲೇಟರ್ ಬಗ್ಗೆ ಅನುಮಾನ ಇನ್ನೂ ಉಳಿದಿದ್ದರೆ ಕ್ವಾಂಟಮ್ ದಕ್ಷತೆ (ಪ್ರತಿ ತರಂಗಾಂತರದಲ್ಲಿ ಬಿದ್ದ ಫೋಟಾನುಗಳಲ್ಲಿ ಎಷ್ಟು ಪಾಲು ಕರೆಂಟಾಗುತ್ತದೆ ಅನ್ನುವುದು) ಅಳೆದು, ಏಎಂ 1.5ಜಿ ಎಂಬ ಪ್ರಮಾಣಿತ ಬಿಸಿಲಿನ ರೋಹಿತದೊಂದಿಗೆ ಲೆಕ್ಕ ಹಾಕಿದ ಕರೆಂಟನ್ನು ನಿಮ್ಮ ಶಾರ್ಟ್ ಸರ್ಕ್ಯೂಟ್ ಕರೆಂಟಿನ (ವೋಲ್ಟೇಜ್ ಸೊನ್ನೆಯಿದ್ದಾಗ ಸಿಗುವ ಕರೆಂಟಿನ) ಪಕ್ಕ ಇಟ್ಟು ನೋಡಿ. ಎರಡಕ್ಕೂ ತುಂಬಾ ವ್ಯತ್ಯಾಸವಿದ್ದರೆ ದೀಪದ ತೀವ್ರತೆ 1000 ವ್ಯಾಟ್/ಚದರ ಮೀಟರ್‌ಗೆ ಸರಿಯಾಗಿ ಹೊಂದಿಸಿಲ್ಲದಿರಬಹುದು, ಇಲ್ಲವೇ ಕೋಶದ ಮೇಲೆ ಮಾಸ್ಕ್ (ಬೆಳಕು ಬೀಳುವ ಜಾಗವನ್ನು ನಿಗದಿ ಮಾಡುವ ರಂಧ್ರವಿರುವ ಹಾಳೆ) ಹಾಕದೆ ಅಳೆದಿರಬಹುದು. ಅಂದ ಹಾಗೆ, ಮಾಸ್ಕ್ ಹಾಕಿದ್ದೀರಾ? ಪ್ರಶ್ನೆಯಲ್ಲಿ ಅದನ್ನು ಹೇಳಿಲ್ಲ.