ತೆರೆದ ಬಾಗಿಲಿನ ಮುಂದೆ

"ಬಾಗಲಾ ತೆರೆದಿದ್ರೂ ಯಾರರ ಬಂದು ತೆಗೀಲಿ ಅಂತ ನಿಂತಿರ್ತಾರ್ರೀ."

ಸಲಹೆ ಕೇಳಲು ನನ್ನಲ್ಲಿಗೆ ಬಂದಿದ್ದ ದಂಪತಿಯಲ್ಲಿ ಮಾತು ಆರಂಭಿಸಿದವರು ಪತ್ನಿ. ಪಕ್ಕದಲ್ಲಿ ಕೈಗಳನ್ನು ಮೊಣಕಾಲ ಮೇಲಿರಿಸಿ ಕುಳಿತಿದ್ದ ಶಿವಪ್ಪ ತಲೆ ಎತ್ತಲಿಲ್ಲ. (ಹೆಸರನ್ನೂ ಗುರುತುಗಳನ್ನೂ ಬದಲಿಸಿದ್ದೇನೆ.) ಹೊಲದ ಬದುವಿನ ಜಗಳದಲ್ಲಿ ದಾಯಾದಿಯೊಬ್ಬನನ್ನು ಕೊಂದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿ, ಹದಿನೈದು ವರ್ಷ ಸೆರೆಯಲ್ಲಿದ್ದು, ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದು ಮೂರು ತಿಂಗಳಾಗಿತ್ತು. ಇಂತಹ ಪ್ರಕರಣಗಳಲ್ಲಿ ಕನಿಷ್ಠ 14 ವರ್ಷ ಸೆರೆವಾಸ ಮುಗಿಯದೆ ಸರ್ಕಾರ ಅವಧಿಪೂರ್ವ ಬಿಡುಗಡೆ ನೀಡುವಂತಿಲ್ಲ; ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಂ ಹೇಳುತ್ತಿದ್ದ ಈ ಮಾತನ್ನೇ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂ ಹೇಳುತ್ತದೆ. ಎರಡು ವರ್ಷದವಳಿದ್ದಾಗ ಬಿಟ್ಟುಹೋಗಿದ್ದ ಮಗಳು ಈಗ ಪಿಯುಸಿ ಓದುತ್ತಿದ್ದು, ತಂದೆಯನ್ನು 'ಅವರು' ಎನ್ನುತ್ತಾಳೆ.

ಪತ್ನಿ ಕೇಳಿದ್ದು ನಿದ್ರೆಯ ಮಾತ್ರೆಯನ್ನು. ರಾತ್ರಿಯಿಡೀ ದೀಪ ಉರಿಯುವ ಬ್ಯಾರಕ್ಕಿನಲ್ಲಿ ಮಲಗಿ ರೂಢಿಯಾದವರಿಗೆ ಕತ್ತಲಲ್ಲಿ ನಿದ್ದೆ ಬರುತ್ತಿರಲಿಲ್ಲ. ನಸುಕಿನಲ್ಲಿ ಎಣಿಕೆಗೆ ನಿಲ್ಲುವವರಂತೆ ಎದ್ದು ಗೋಡೆಯ ಬದಿಗೆ ನಿಲ್ಲುತ್ತಿದ್ದರು, ಶೌಚಕ್ಕೆ ಹೋಗಲೂ ಅಪ್ಪಣೆ ಕೇಳುತ್ತಿದ್ದರು. ನೆಂಟರು ಇದನ್ನು ಹುಚ್ಚೆಂದರು. ನನಗೆ ಹಾಗನ್ನಿಸಲಿಲ್ಲವಾದರೂ, ಖಿನ್ನತೆಯ ಲಕ್ಷಣಗಳಿದ್ದುದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದೆ. ರಾತ್ರಿ ಸಣ್ಣ ದೀಪವೊಂದು ಉರಿಯಲಿ, ಅಪ್ಪಣೆ ಕೇಳಿದಾಗ ಯಾರೂ ನಗದೆ, 'ಹೂಂ' ಎಂದೂ ಅನ್ನದೆ ಸುಮ್ಮನಿರಲಿ ಎಂದು ತಿಳಿಸಿದೆ.

ನಿಜವಾದ ಬಿಕ್ಕಟ್ಟು ಎರಡನೆಯ ಭೇಟಿಯಲ್ಲಿ ಹೊರಬಂತು. ಪತ್ನಿ ಇಷ್ಟು ವರ್ಷ ಜೋಳದ ರೊಟ್ಟಿ ಬಡಿದು ಮಾರಿ ಮನೆ ನಡೆಸಿದ್ದರು. ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದ ಹಣವನ್ನು ಶಿವಪ್ಪ ಒಂದು ದಿನ ಎಣಿಸಿ ಲೆಕ್ಕ ಕೇಳಿದ್ದರು. ಯಜಮಾನನ ಸ್ಥಾನ ತನಗಾಗಿ ಖಾಲಿ ಉಳಿದಿರುತ್ತದೆಂಬುದು ಸೆರೆಯಿಂದ ಬಂದ ಅನೇಕ ಗಂಡಸರ ನಂಬಿಕೆ, ಮತ್ತು ಅದು ತಪ್ಪು. ಡಬ್ಬಿ ಆಕೆಯ ಬಳಿಯೇ ಇರಲಿ ಎಂದು ಸ್ಪಷ್ಟವಾಗಿಯೇ ಹೇಳಿದೆ. ಕಾರಾಗೃಹದಲ್ಲಿ ಕಲಿತ ಮಗ್ಗದ ಕೆಲಸವನ್ನು ಹುಡುಕಿಕೊಳ್ಳಲು, ಹಿಂದಿನದನ್ನು ಮಗ್ಗದ ಮಾಲೀಕರಿಗೆ ಇತರರು ಹೇಳುವ ಮುನ್ನ ತಾವೇ ಹೇಳಿಬಿಡಲು ಸೂಚಿಸಿದೆ. ಮೊದಲ ಇಬ್ಬರು ಬೇಡವೆಂದರು, ಮೂರನೆಯವರು ಕೂಲಿಗೆ ತೆಗೆದುಕೊಂಡರು.

ಮಗಳ ಮುಂದೆ ಅವರು ಅಳುತ್ತಿದ್ದರು, ಕ್ಷಮೆ ಬೇಡುತ್ತಿದ್ದರು. ಆಕೆ ಎದ್ದು ಪಕ್ಕದ ಮನೆಗೆ ಹೋಗುತ್ತಿದ್ದಳು. ಜಾಲರಿಯಾಚೆಯ ಸಂದರ್ಶನಕ್ಕೆ ಹೋಗುವುದನ್ನು ಆಕೆ ಶಾಲೆಯಲ್ಲಿ ಸುದ್ದಿಯಾದಂದಿನಿಂದ ನಿಲ್ಲಿಸಿದ್ದಳು. ಕ್ಷಮಿಸುವ ಭಾರವನ್ನು ಹದಿನೇಳರ ಹುಡುಗಿಯ ಮೇಲೆ ಹೊರಿಸಬೇಡಿರೆಂದೆ. ಉತ್ತರ ನಿರೀಕ್ಷಿಸದ ಒಂದು ಕೆಲಸವನ್ನು ದಿನವೂ ಮಾಡಿರೆಂದೆ. ಆಕೆಯ ಚೀಲದ ಹರಿದ ಪಟ್ಟಿಯನ್ನು ಅವರು ಜೋಡುದಾರದಲ್ಲಿ ಹೊಲಿದಿಟ್ಟರು. ಆಕೆ ಏನೂ ಹೇಳಲಿಲ್ಲ, ಚೀಲವನ್ನು ಒಯ್ದಳು.

ಸತ್ತವನ ತಾಯಿಯ ಕಾಲಿಗೆ ಬೀಳಲು ಹೋಗಲೇ ಎಂದು ಶಿವಪ್ಪ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಊರಿನ ಹಿರಿಯರೊಬ್ಬರು ಮೊದಲು ಆಕೆಯನ್ನೇ ಕೇಳಲಿ, ಅಲ್ಲಿಯತನಕ ಆ ಓಣಿಗೆ ಹೋಗಕೂಡದು ಎಂದಿದ್ದೇನೆ. ಹಿರಿಯರು ಕೇಳಿ ಬಂದಿದ್ದಾರೆ. ಆಕೆ ಬೇಡವೆಂದಿದ್ದಾರೆ.