ಡೆಸ್ಕ್‌ಟಾಪ್ ಮೇಲಿಟ್ಟ ಫೈಲು ಎಲ್ಲಿರುತ್ತೆ?

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮಗ ಬೆಂಗಳೂರಿಗೆ ಹೋಗುವಾಗ ತನ್ನ ಹಳೇ ಕಂಪ್ಯೂಟರ್ ಬಿಟ್ಟುಹೋದ. ತೋಟದ ಲೆಕ್ಕ, ಪಹಣಿ, ಮೊಮ್ಮಕ್ಕಳ ಫೋಟೊ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೇನೆ. ಈಗ ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದೆ. ಡಿ ಡ್ರೈವ್ ಖಾಲಿ ಇದೆ. ಸ್ವಂತ ಫೈಲು ಎಲ್ಲಿಡಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮೇಷ್ಟ್ರೇ, ಡೆಸ್ಕ್‌ಟಾಪ್ ಅನ್ನೋದು ಬೇರೆ ಜಾಗ ಅಲ್ಲ. ಸಿ ಡ್ರೈವಿನ ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನದೊಂದು ಫೋಲ್ಡರ್ ಇದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಮೂರೂ ಹೋಗುತ್ತವೆ.

ನನಗೇ ಹೀಗಾಗಿದೆ. ಅಮ್ಮನ ಕೊನೆಯ ಎರಡು ವರ್ಷದ ಫೋಟೊ ಡೆಸ್ಕ್‌ಟಾಪಿನಲ್ಲಿತ್ತು. ಇಲ್ಲೇ ಹಾಸನದಲ್ಲಿ ರಿಪೇರಿಗೆ ಕೊಟ್ಟೆ. ವಾಪಸ್ ಕೊಡುವಾಗ ಆ ಹುಡುಗ, ‘ಡಿ ಡ್ರೈವ್ ಮುಟ್ಟಿಲ್ಲ ಸಾರ್’ ಅಂದ. ಡಿ ಡ್ರೈವಿನಲ್ಲಿ ನನ್ನದೇನೂ ಇರಲಿಲ್ಲ. ಅವತ್ತಿನಿಂದ ಯಾರು ಕಂಪ್ಯೂಟರ್ ವಿಷಯ ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಹಾಗಾಗಿ ಆ ಮೂರನ್ನೂ ಡಿ ಡ್ರೈವಿಗೆ ಸಾಗಿಸಿ. ಕೀಬೋರ್ಡಿನ ವಿಂಡೋಸ್ ಗುಂಡಿ ಜೊತೆ ‘ಇ’ ಒತ್ತಿ, ಡ್ರೈವುಗಳು, ಫೋಲ್ಡರುಗಳು ಕಾಣುತ್ತವೆ. ಡಿ ಡ್ರೈವಿಗೆ ಹೋಗಿ ‘ಪಿಕ್ಚರ್ಸ್’ ಹೆಸರಿನ ಹೊಸ ಫೋಲ್ಡರ್ ಮಾಡಿ. ಆಮೇಲೆ ಎಡಗಡೆ ಕಾಣುವ ಹಳೇ ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಲೊಕೇಶನ್’, ಅದರಲ್ಲಿ ‘ಮೂವ್’ ಒತ್ತಿ, ಹೊಸ ಫೋಲ್ಡರ್ ತೋರಿಸಿ. ಬರೀ ಡಿ ಡ್ರೈವ್ ತೋರಿಸಬೇಡಿ, ಆಮೇಲೆ ಬಿಡಿಸುವುದು ಕಷ್ಟ. ಹಳೇ ಫೈಲುಗಳನ್ನೂ ಸಾಗಿಸಲಾ ಅಂತ ಕೇಳುತ್ತೆ, ‘ಯೆಸ್’ ಅನ್ನಿ. ಡಾಕ್ಯುಮೆಂಟ್ಸ್‌ಗೂ ಡೆಸ್ಕ್‌ಟಾಪಿಗೂ ಇದೇ ದಾರಿ. ಒಂದೊಂದಕ್ಕೂ ಬೇರೆ ಫೋಲ್ಡರ್ ಇರಲಿ. ಲೊಕೇಶನ್‌ನಲ್ಲಿ ‘ಒನ್‌ಡ್ರೈವ್’ (ಫೈಲುಗಳನ್ನು ಇಂಟರ್ನೆಟ್‌ನಲ್ಲೂ ಇಡುವ ವ್ಯವಸ್ಥೆ) ಅಂತ ಕಂಡರೆ ಮಾತ್ರ ನಿಲ್ಲಿಸಿ, ಮಗನನ್ನು ಕೇಳಿ. ‘ವಿಂಡೋಸ್’, ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರುಗಳ ತಂಟೆಗೆ ಹೋಗಲೇಬೇಡಿ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕಿನ ಭಾಗಗಳು, ಒಂದೇ ಬೀರುವಿನ ಎರಡು ಅರೆ ಇದ್ದ ಹಾಗೆ. ಸ್ಟಾರ್ಟ್ ಗುಂಡಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ನೋಡಿ. ಎರಡೂ ‘ಡಿಸ್ಕ್ 0’ ಎದುರಿಗೇ ಇದ್ದರೆ ಡಿಸ್ಕ್ ಒಂದೇ. ನೋಡಿ ಮುಚ್ಚಿಬಿಡಿ, ಅಲ್ಲಿ ಏನನ್ನೂ ಒತ್ತಬೇಡಿ. ಆ ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತೆ, ಅಲ್ವಾ? ಹಳೇ ಡಿಸ್ಕಿಗೆ ಅದು ಒಳ್ಳೆಯದಲ್ಲ.

ಅದಕ್ಕೇ ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್ ಒಂದು ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಕಾಪಿ ಮಾಡಿ, ಕಳಚಿ, ತೇವ ತಾಗದ ಡಬ್ಬಿಯಲ್ಲಿಡಿ. ಪಹಣಿ ಕಳೆದರೆ ಸರ್ಕಾರದ ‘ಭೂಮಿ’ ವ್ಯವಸ್ಥೆಯಲ್ಲಿ ಮತ್ತೆ ತೆಗೆಸಬಹುದು. ಫೋಟೊ, ಲೆಕ್ಕ ಹಾಗೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಫೈಲು ಸಾಗಿಸುವ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಮೊಮ್ಮಕ್ಕಳ ಫೋಟೊ, ಲೆಕ್ಕದ ಫೈಲು ಎರಡನ್ನೂ ಆ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.