ಕ್ಯಾಲೆಂಡರಿನ ಹಿಂದಿನ ಬೀಗದ ಕೈ

ಕಾಸರಗೋಡಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ಸಹೋದರಿಯೊಬ್ಬರ ಪತ್ರ ನಾಲ್ಕು ದಿನಗಳಿಂದ ನನ್ನ ಮೇಜಿನ ಮೇಲಿದೆ. ಅವರ ವಶದಲ್ಲಿರುವ ದಾಖಲೆ ಕೋಣೆಯಿಂದ ಹಳೆಯ ಜಮೀನಿನ ಕಡತವೊಂದು ಕಾಣೆಯಾಗಿದೆ; ಅದರ ನಕಲು ಕೋರಿ ಮಾಹಿತಿ ಹಕ್ಕಿನ ಅರ್ಜಿಯೂ ಬಂದಿದೆ. 'ಹುಡುಕಲಾಗಿ ಸಿಕ್ಕಿರುವುದಿಲ್ಲ' ಎಂದು ಬರೆದು ಸಹಿ ಹಾಕುವಂತೆ ಸೂಪರಿಂಟೆಂಡೆಂಟರು ಹೇಳಿದ್ದಾರೆ. ಆ ಕೋಣೆಗೆ ಆಗಾಗ ಹೋಗಿಬರುತ್ತಿದ್ದವರು ನಿವೃತ್ತ ಹೆಡ್ ಕ್ಲರ್ಕ್, ನೆರೆಮನೆಯ ಹಿರಿಯರು, ಇವರಿಗೆ ಕೆಲಸ ಕಲಿಸಿದ 'ಮಾವ'. ಹೆಸರು ಹೇಳಿದರೆ ಗುರುದ್ರೋಹ, ಹೇಳದಿದ್ದರೆ ಕೆಲಸಕ್ಕೆ ಕುತ್ತು ಎಂಬ ಸಂಕಟ ಇವರದು.

ಮಾವನ ಉಪಕಾರಕ್ಕೆ ಎರಡು ಪುಟ ಮೀಸಲಿಟ್ಟ ನೀವು, 'ಬೀಗದ ಕೈ ಎಂದಿನಂತೆ ಕ್ಯಾಲೆಂಡರಿನ ಹಿಂದೆ ಮೊಳೆಯಲ್ಲೇ ಇತ್ತು' ಎಂಬುದನ್ನು ಅರ್ಧ ಸಾಲಿನಲ್ಲಿ ದಾಟಿದ್ದೀರಿ. ಆ ಮೊಳೆ ಚಹಾ ತರುವ ಹುಡುಗನಿಗೂ, ಜಮೀನಿನ ಆಧಾರಪತ್ರ ಬರೆಯುವವರ ಸಹಾಯಕನಿಗೂ ಗೊತ್ತಿರುವಾಗ, ಒಳಗೆ ಹೋದವರು ಮಾವ ಒಬ್ಬರೇ ಎಂದು ನೀವು ಯಾವ ಧೈರ್ಯದಲ್ಲಿ ಹೇಳುತ್ತೀರಿ? ಕಡತ ಹೊರಹೋದದ್ದನ್ನು ಬರೆಯುವ ವಹಿಯನ್ನು ಸಂಜೆ ಐದಕ್ಕೆ ನೆನಪಿನಿಂದ ತುಂಬಿಸುತ್ತೇನೆಂದೂ ಒಪ್ಪಿಕೊಂಡಿದ್ದೀರಿ. ಕಡತ ಕೈ ಬದಲಾದ ಗಳಿಗೆಯಲ್ಲೇ, ಒಯ್ದವರ ಸಹಿಯೊಂದಿಗೆ, ಶಾಯಿಯಲ್ಲಿ ಬರೆಯದ ವಹಿ ವಹಿಯೇ ಅಲ್ಲವೆಂಬ ನನ್ನ ಹಠ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು.

ನನ್ನ ಸಿಟ್ಟು ಮಾತ್ರ ಮಾವನ ಮೇಲಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಆ ಕಾಲದ ಕಂತೆಗಳ ಕೂಡುಬರಹದ ಕನ್ನಡವನ್ನು ಓದಬಲ್ಲವರು ನಿಮ್ಮ ಕಚೇರಿಯಲ್ಲಿ ಯಾರೂ ಇಲ್ಲವೆಂದು ನೀವೇ ಬರೆದಿದ್ದೀರಿ. ಅದಕ್ಕಾಗಿ ಮಾವನನ್ನು ಪುಕ್ಕಟೆ ಕರೆಸಿಕೊಂಡು, ಒಂದು ಸಾಲಿನ ಅನುಮತಿಯನ್ನೂ ಬರೆದಿಡದೆ, ಈಗ ನಿಮ್ಮೊಬ್ಬರ ಸಹಿಯ ಹಿಂದೆ ನಿಲ್ಲಲು ಹೊರಟ ಸೂಪರಿಂಟೆಂಡೆಂಟರೇ ನನ್ನ ದೃಷ್ಟಿಯಲ್ಲಿ ಮೊದಲ ತಪ್ಪಿತಸ್ಥರು. 2005ರ ಮಾಹಿತಿ ಹಕ್ಕು ಕಾಯಿದೆ ಉತ್ತರಕ್ಕೆ 30 ದಿನ ಕೊಡುತ್ತದೆ. ಮಾಹಿತಿ ನಿರಾಕರಿಸಲು ಅದು ಪಟ್ಟಿ ಮಾಡಿರುವ ಕಾರಣಗಳಲ್ಲಿ 'ಕಡತ ಕಾಣೆ' ಎಂಬುದಿಲ್ಲ. ಸಕಾರಣವಿಲ್ಲದೆ ತಡವಾದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಅಂಥ ಅಧಿಕಾರಿ ಮೊದಲು ಕೇಳುವುದೇ ಕೋಣೆ ಯಾರ ವಶದಲ್ಲಿತ್ತು ಎಂದು.

ಆದ್ದರಿಂದ ನಾಳೆ ನೀವು ಮಾಡಬೇಕಾದದ್ದು ಒಂದೇ: ಆ ಹೇಳಿಕೆಗೆ ಸಹಿ ಹಾಕದೆ, ನಿಮ್ಮದೇ ಪತ್ರವೊಂದನ್ನು ಸೂಪರಿಂಟೆಂಡೆಂಟರಿಗೆ ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಬೀಗದ ಕೈ ಎಷ್ಟು ಕಾಲದಿಂದ ಮೊಳೆಯಲ್ಲಿತ್ತು, ಯಾರ ಮಾತಿನ ಮೇರೆಗೆ ಹೊರಗಿನವರು ಒಳಗೆ ಹೋದರು, ವಹಿಯನ್ನು ನೀವು ಹೇಗೆ ಬರೆಯುತ್ತಿದ್ದಿರಿ, ಇಷ್ಟನ್ನೂ ಅದರಲ್ಲಿ ಬರೆಯಿರಿ. ನಿಮ್ಮ ತಪ್ಪನ್ನು ಬಿಡಬೇಡಿ. ಮಾವ ಬಂದದ್ದನ್ನು ಬರೆಯಿರಿ, ಒಯ್ದರೆಂದು ಮಾತ್ರ ಬರೆಯಬೇಡಿ, ಏಕೆಂದರೆ ನೀವು ಅದನ್ನು ನೋಡಿಲ್ಲ. ಹೊಸ ಬೀಗ ಹಾಕಿಸಿ, ಎರಡನೆಯ ಕೈಯನ್ನು ಮುಚ್ಚಿದ ಲಕೋಟೆಯಲ್ಲಿ ಮೇಲಧಿಕಾರಿಯ ವಶದಲ್ಲಿಡಬೇಕೆಂಬ ಕೋರಿಕೆಯೂ ಅದೇ ಪತ್ರದಲ್ಲಿರಲಿ.

ಕೊಡುವ ಮುನ್ನ, ಇಂದು ಸಂಜೆಯೇ, ಮಾವನ ಮನೆಗೆ ಹೋಗಿ ಪತ್ರವನ್ನು ಅವರ ಕೈಗೇ ಕೊಟ್ಟು ಓದಿಸಿ. ಕಚೇರಿಯ ನೋಟಿಸಿನಿಂದ ಅವರಿಗೆ ಈ ವಿಷಯ ತಿಳಿಯುವುದು ಬೇಡ.